ಸಂತೆಯಲ್ಲಿ ತೆರೆದ ಖಾತೆ

ನಮ್ಮ ಚಿಕ್ಕಮ್ಮನಿಗೆ ಎರಡು ತಿಂಗಳು ಗೃಹಲಕ್ಷ್ಮಿ ಹಣ ಬರಲಿಲ್ಲ. ಕಂತು ತಡವಾಗುವುದು ಹೊಸದಲ್ಲವಾದ್ದರಿಂದ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದ ಮನೆಗೆ ಬಂದಿದೆ, ಎದುರು ಮನೆಗೂ ಬಂದಿದೆ ಎಂದು ತಿಳಿದ ಮೇಲೆ ಅಂಗನವಾಡಿ ಟೀಚರನ್ನು ಕೇಳಿದರು. ಅವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಕಳಿಸಿದರು. ಅಲ್ಲಿ ಕಂಪ್ಯೂಟರ್ ನೋಡಿದವರು, ‘ದುಡ್ಡು ಹೋಗಿದೆಯಲ್ಲಮ್ಮಾ, ಎರಡು ತಿಂಗಳದ್ದೂ ಜಮಾ ಆಗಿದೆ’ ಎಂದು ಒಂದು ಬ್ಯಾಂಕಿನ ಹೆಸರು ಓದಿ ಹೇಳಿದರು. ಚಿಕ್ಕಮ್ಮನ ಪಾಸ್‌ಬುಕ್ಕಿನ ಮೇಲಿದ್ದ ಹೆಸರು ಅದಲ್ಲ.

ಸಂಜೆ ಫೋನ್ ಮಾಡಿದಾಗ ಕೇಳಿದೆ: ‘ಚಿಕ್ಕಮ್ಮಾ, ಬೇರೆ ಯಾವ್ದಾದ್ರೂ ಬ್ಯಾಂಕಲ್ಲಿ ಖಾತೆ ಮಾಡಿಸಿದ್ರಾ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಸಂತೇಲಿ ಛತ್ರಿ ಹಾಕ್ಕೊಂಡು ಕೂತಿದ್ರು ಕಣಪ್ಪ. ಖಾತೆ ಮಾಡಿಸಿದ್ರೆ ಐನೂರು ಬರುತ್ತೆ ಅಂದ್ರು. ಆಧಾರ್ ಕಾರ್ಡು ಕೊಟ್ಟೆ, ಬೆರಳು ಇಡಿ ಅಂದ್ರು, ಇಟ್ಟೆ. ಹಳೇ ಖಾತೆ ಹಂಗೇ ಐತಲ್ಲ, ಅದಕ್ಕೇನಾಗುತ್ತೆ ಅಂದ್ಕೊಂಡೆ.’

ಹಳೆಯ ಖಾತೆಗೆ ನಿಜಕ್ಕೂ ಏನೂ ಆಗಿರಲಿಲ್ಲ. ಅದಕ್ಕೆ ಬರುತ್ತಿದ್ದ ಹಣ ಮಾತ್ರ ದಾರಿ ಬದಲಿಸಿತ್ತು. ಚಿಕ್ಕಮ್ಮ ಅಂದುಕೊಂಡಂತೆಯೇ ನಮ್ಮಲ್ಲಿ ಬಹಳಷ್ಟು ಜನ ಅಂದುಕೊಂಡಿದ್ದಾರೆ. ಊರೂರಲ್ಲಿ, ಕಾಲೇಜಿನ ಗೇಟಿನ ಮುಂದೆ, ಆಫೀಸಿನ ಕ್ಯಾಂಟೀನಿನಲ್ಲಿ, ಮೊಬೈಲಿನ ಪರದೆಯ ಮೇಲೆ ‘ಖಾತೆ ತೆರೆಯಿರಿ, ಇಷ್ಟು ಪಡೆಯಿರಿ’ ಎನ್ನುವ ಕರೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಇದನ್ನು ಬರೆಯಲು ಅದೇ ಕಾರಣ.

ನಡೆದದ್ದು ಇಷ್ಟು. ಸರ್ಕಾರ ನೇರ ನಗದು ವರ್ಗಾವಣೆಯ ಹಣವನ್ನು ಹೆಚ್ಚಾಗಿ ಖಾತೆಯ ನಂಬರು ನೋಡಿ ಕಳಿಸುವುದಿಲ್ಲ, ಆಧಾರ್ ನಂಬರು ನೋಡಿ ಕಳಿಸುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಬಳಿ ಇದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ನಿಮಗೆ ಐದು ಖಾತೆ ಇರಬಹುದು, ಐದಕ್ಕೂ ಆಧಾರ್ ಪ್ರತಿ ಕೊಟ್ಟಿರಬಹುದು. ಆದರೆ ಹಣ ಬೀಳುವುದು ಕೊನೆಯದಾಗಿ ಆ ಪಟ್ಟಿಗೆ ಸೇರಿಸಿದ ಬ್ಯಾಂಕಿನಲ್ಲಿ. ಖಾತೆ ತೆರೆಯಲು ಆಧಾರ್ ತೋರಿಸುವುದು ಬೇರೆ, ಸರ್ಕಾರಿ ಹಣಕ್ಕೆ ಈ ಬ್ಯಾಂಕೇ ಇರಲಿ ಎಂದು ಒಪ್ಪಿಗೆ ಕೊಡುವುದು ಬೇರೆ. ಬ್ಯಾಂಕಿನವರು ಎರಡನೆಯದಕ್ಕೆ ಪ್ರತ್ಯೇಕವಾಗಿ ಕೇಳಬೇಕು. ಸಂತೆಯ ಗದ್ದಲದಲ್ಲಿ, ಒಂದು ಟ್ಯಾಬ್ಲೆಟ್ಟಿನ ಪರದೆಯ ಮೇಲೆ, ಎರಡೂ ಒಂದೇ ಬೆರಳಚ್ಚಿನಲ್ಲಿ ಮುಗಿದುಹೋಗುತ್ತವೆ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಪಿಎಂ ಕಿಸಾನ್‌ನ ವರ್ಷದ 6,000, ಹಾಲು ಹಾಕುವವರಿಗೆ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ, ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿಯ ಕೂಲಿ, ಮಕ್ಕಳ ವಿದ್ಯಾರ್ಥಿವೇತನ. ಹಳ್ಳಿಯ ಎಷ್ಟೋ ಮನೆಗಳ ತಿಂಗಳ ಲೆಕ್ಕ ನಿಂತಿರುವುದು ಇವುಗಳ ಮೇಲೆ. ಒಂದು ಐನೂರರ ಆಸೆಗೆ ಇಷ್ಟೂ ಬೇರೆ ಊರಿನ ಶಾಖೆಯ ಪಾಲಾದರೆ ಹಣ ಕಳೆದುಹೋಗುವುದಿಲ್ಲ ನಿಜ. ಆದರೆ ಹುಡುಕಿ ತೆಗೆಯಲು ಓಡಾಡಬೇಕು. ಚಿಕ್ಕಮ್ಮನ ಹೊಸ ಬ್ಯಾಂಕಿನ ಶಾಖೆ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಶಕ್ತಿ ಯೋಜನೆಯ ಬಸ್ಸಿಗೆ ಟಿಕೆಟ್ಟಿಲ್ಲ, ಸರಿ. ಎರಡು ದಿನದ ಕೂಲಿ ಹೋಯಿತಲ್ಲ, ಅದನ್ನು ಕೊಡುವವರು ಯಾರು?

ಇದು ಒಬ್ಬರ ಮನೆಯ ಕಥೆಯಷ್ಟೇ ಆಗಿದ್ದರೆ ಸಂಪಾದಕೀಯದ ಜಾಗ ಬೇಕಿರಲಿಲ್ಲ. 2017ರಲ್ಲಿ ದೇಶದಾದ್ಯಂತ ಇದೇ ನಡೆದಿತ್ತು. ಮೊಬೈಲ್ ಸಿಮ್‌ಗೆ ಆಧಾರ್ ಜೋಡಿಸಲು ಹೋದವರ ಹೆಸರಿನಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳು ಅವರಿಗೆ ಗೊತ್ತಿಲ್ಲದೆಯೇ ತೆರೆದುಕೊಂಡವು. ಲಕ್ಷಾಂತರ ಜನರ ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹರಿಯಿತು. ಆ ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರ ಸಂಸ್ಥೆಯ ಇ-ಕೆವೈಸಿ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು. ಸುಮಾರು 190 ಕೋಟಿ ರೂಪಾಯಿಯನ್ನು ಗ್ರಾಹಕರ ಹಳೆಯ ಖಾತೆಗಳಿಗೆ ಹಿಂದಿರುಗಿಸಲು ಸಂಸ್ಥೆ ಒಪ್ಪಬೇಕಾಯಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ 5 ಕೋಟಿ ರೂಪಾಯಿ ದಂಡ ಹಾಕಿತು. ಅದಾದ ಮೇಲೆ ಒಪ್ಪಿಗೆಯ ನಿಯಮ ಬಿಗಿಯಾಗಿದೆ. ಆದರೆ ಅಂದು ಜನ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ, ಇಂದು ಐನೂರು ರೂಪಾಯಿಗೆ ತಿಳಿಯದೆ ಕೊಡುತ್ತಿದ್ದಾರೆ. ನಿಯಮದ ಕಣ್ಣಿಗೆ ಇವೆರಡೂ ಬೇರೆ. ಹಣ ಕಾಣದೆ ಪರದಾಡುವವರಿಗೆ ಏನು ವ್ಯತ್ಯಾಸ?

ಈ ಕೊಡುಗೆಗಳು ಇನ್ನೂ ಹೆಚ್ಚಾಗುತ್ತವೆ ಎಂದು ನಾನು ಯಾಕೆ ಹೇಳುತ್ತೇನೆಂದರೆ, ಬ್ಯಾಂಕುಗಳಿಗೆ ನಮ್ಮ ಉಳಿತಾಯದ ಹಣ ಮೊದಲಿಗಿಂತ ಹೆಚ್ಚು ಬೇಕಾಗಿದೆ. ಜನ ಮ್ಯೂಚುವಲ್ ಫಂಡಿನ ಕಡೆ, ಷೇರಿನ ಕಡೆ ಹೊರಳಿದ್ದಾರೆ. ಸಾಲದ ವೇಗಕ್ಕೆ ಠೇವಣಿ ಸರಿಗಟ್ಟುತ್ತಿಲ್ಲ ಎಂದು 2024ರ ಆಗಸ್ಟಿನಲ್ಲೇ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಬ್ಯಾಂಕುಗಳನ್ನು ಎಚ್ಚರಿಸಿದ್ದರು. ಇನ್ನೊಂದು ಕಡೆ, ಉಳಿತಾಯ ಖಾತೆಗೆ ಬ್ಯಾಂಕು ಕೊಡುವ ಬಡ್ಡಿ ಅತ್ಯಂತ ಕಡಿಮೆ. ಸ್ಟೇಟ್ ಬ್ಯಾಂಕಿನಲ್ಲಿ 2025ರ ಜೂನ್‌ನಿಂದ ಶೇ 2.5. ಇಷ್ಟು ಅಗ್ಗದಲ್ಲಿ ಸಿಗುವ ಹಣಕ್ಕಾಗಿ ಖಾತೆಯೊಂದಕ್ಕೆ ಒಂದಿಷ್ಟು ಖರ್ಚು ಮಾಡಿದರೂ ಬ್ಯಾಂಕಿಗೆ ನಷ್ಟವಿಲ್ಲ. ಠೇವಣಿ ಪಡೆಯುವಾಗ ಬಹುಮಾನ, ಲಾಟರಿ, ಉಚಿತ ಪ್ರವಾಸದ ಆಮಿಷ ಒಡ್ಡಬಾರದು, 250 ರೂಪಾಯಿ ಮೀರದ ಸಣ್ಣ ಉಡುಗೊರೆ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಹಾಗಾಗಿಯೇ ಇರಬೇಕು, ಕೊಡುಗೆ ಎಂದಿಗೂ ನೇರ ನೋಟಿನ ರೂಪದಲ್ಲಿ ಬರುವುದಿಲ್ಲ. ಕಾರ್ಡು ಉಜ್ಜಿದರೆ ಕ್ಯಾಶ್‌ಬ್ಯಾಕ್, ಇಷ್ಟು ಖರೀದಿಸಿದರೆ ವೋಚರ್, ಸ್ನೇಹಿತರನ್ನು ಕರೆತಂದರೆ ಬೋನಸ್ ಎಂದು ಸುತ್ತಿ ಬಳಸಿ ಬರುತ್ತದೆ.

ಚಿಕ್ಕಮ್ಮನ ಐನೂರು ಇನ್ನೂ ಬಂದಿಲ್ಲ. ಖಾತೆಯಲ್ಲಿ 5,000 ರೂಪಾಯಿ ಮೂರು ತಿಂಗಳು ನಿಲ್ಲಿಸಬೇಕಂತೆ, ಡೆಬಿಟ್ ಕಾರ್ಡಿನಿಂದ ಸಾಮಾನು ಕೊಳ್ಳಬೇಕಂತೆ. ಚಿಕ್ಕಮ್ಮ ಆ ಕಾರ್ಡಿನ ಲಕೋಟೆಯನ್ನೇ ಒಡೆದಿಲ್ಲ.

ಷರತ್ತು ಪೂರೈಸಿ ಐನೂರು ಕೈಗೆ ಬಂತೆಂದೇ ಇಟ್ಟುಕೊಳ್ಳೋಣ. ಹೊಸ ಖಾತೆಯಲ್ಲಿ 10,000 ರೂಪಾಯಿ ಸರಾಸರಿ ಬಾಕಿ ಇರಬೇಕೆನ್ನಿ. ಶೇ 2.5ರಂತೆ ವರ್ಷಕ್ಕೆ ಬರುವ ಬಡ್ಡಿ 250. ಅದೇ ಹಣ ಶೇ 6.5ರ ನಿಶ್ಚಿತ ಠೇವಣಿಯಲ್ಲಿದ್ದರೆ 650. ಅಲ್ಲಿಗೆ 400 ಕೈಬಿಟ್ಟಿತು. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ 200 ಎಂದಿಟ್ಟುಕೊಂಡರೂ ಜಿಎಸ್‌ಟಿ ಸೇರಿ 236. ಕೊಡುಗೆ ಒಮ್ಮೆ ಬರುತ್ತದೆ, ಈ ಖರ್ಚು ಪ್ರತಿ ವರ್ಷವೂ ಬರುತ್ತದೆ. ಬಾಕಿ ಒಂದು ತಿಂಗಳು ಕಡಿಮೆಯಾದರೆ ದಂಡ ಬೇರೆ. ವರ್ಷದೊಳಗೆ ಖಾತೆ ಮುಚ್ಚುತ್ತೇನೆಂದರೆ ಹಲವು ಬ್ಯಾಂಕುಗಳು ಅದಕ್ಕೂ ಶುಲ್ಕ ವಸೂಲಿ ಮಾಡುತ್ತವೆ.

ಹಳೆಯ ಗ್ರಾಹಕರಾಗಿರುವುದಕ್ಕೂ ಒಂದು ಬೆಲೆ ಇದೆ ಎಂಬುದನ್ನು 2025ರ ಆಗಸ್ಟ್ ತೋರಿಸಿಕೊಟ್ಟಿತು. ಐಸಿಐಸಿಐ ಬ್ಯಾಂಕು ಮಹಾನಗರಗಳಲ್ಲಿ ಹೊಸ ಉಳಿತಾಯ ಖಾತೆಗಳ ಕನಿಷ್ಠ ಸರಾಸರಿ ಬಾಕಿಯನ್ನು 10,000ದಿಂದ 50,000 ರೂಪಾಯಿಗೆ ಏರಿಸಿತು. ಟೀಕೆ ಬಂದ ಮೇಲೆ ಎರಡು ವಾರದೊಳಗೆ 15,000ಕ್ಕೆ ಇಳಿಸಿತು. ಈ ಏರಿಳಿತವೆಲ್ಲ ಹೊಸಬರಿಗೆ, ಹಳಬರ ಷರತ್ತು ಹಾಗೆಯೇ ಉಳಿಯಿತು. ಹಳೆಯ ಖಾತೆ ಮುಚ್ಚಿ ಹೋದವರು ನಾಳೆ ಅದೇ ಬ್ಯಾಂಕಿಗೆ ಮರಳಿದರೂ ಹೊಸಬರೇ. ಅದೇ ವರ್ಷದ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಬಾಕಿಯ ದಂಡವನ್ನೇ ತೆಗೆದುಹಾಕಿತು. ಸ್ಟೇಟ್ ಬ್ಯಾಂಕು 2020ರಲ್ಲೇ ತೆಗೆದಿತ್ತು. ಕೈಯಲ್ಲಿರುವ ಖಾತೆ ಇಂಥದ್ದೇ ಆಗಿದ್ದರೆ, ಅದನ್ನು ಬಿಟ್ಟು ಐನೂರಕ್ಕೆ ಹೋಗುವುದರಲ್ಲಿ ಯಾವ ಲಾಭವೂ ನನಗೆ ಕಾಣುವುದಿಲ್ಲ.

ಪಟ್ಟಣದ ಸಂಬಳದಾರರಿಗೆ ಗೃಹಲಕ್ಷ್ಮಿಯ ಚಿಂತೆ ಇಲ್ಲದಿರಬಹುದು. ಅವರ ಖಾತೆಗೆ ಅಂಟಿಕೊಂಡಿರುವುದು ಬೇರೆ ತರಹದ್ದು: ಮನೆಸಾಲದ ಇಎಂಐ, ಎಸ್‌ಐಪಿ, ಎಲ್‌ಐಸಿ ಪ್ರೀಮಿಯಂ, ಕರೆಂಟ್ ಬಿಲ್ಲು, ಪಿಎಫ್‌ಗೆ ಕೊಟ್ಟ ಖಾತೆ ನಂಬರು, ಆದಾಯ ತೆರಿಗೆ ಮರುಪಾವತಿಗೆ ದೃಢೀಕರಿಸಿದ ಖಾತೆ, ಡಿಮ್ಯಾಟ್, ಫಾಸ್ಟ್ಯಾಗ್, ಲಾಕರಿನ ಬಾಡಿಗೆ. ಇವುಗಳಲ್ಲಿ ಅತ್ಯಂತ ಅಪಾಯದ್ದು ಇಎಂಐ. ಸಂಬಳ ಹೊಸ ಖಾತೆಗೆ ಬರಲು ಶುರುವಾಗಿರುತ್ತದೆ, ಇಎಂಐಯ ಆದೇಶ ಹಳೆಯ ಖಾತೆಯ ಮೇಲೆಯೇ ಇರುತ್ತದೆ. ಐದನೇ ತಾರೀಖು ಅಲ್ಲಿ ಹಣ ಇರುವುದಿಲ್ಲ. ಆದೇಶ ಬೌನ್ಸ್ ಆಗುತ್ತದೆ. ಖಾತೆಯ ಬ್ಯಾಂಕು ಒಂದು ಶುಲ್ಕ, ಸಾಲ ಕೊಟ್ಟವರು ಇನ್ನೊಂದು ದಂಡ ಹಾಕುತ್ತಾರೆ. ಸಿಬಿಲ್ ಅಂಕ ಇಳಿಯುತ್ತದೆ. ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ: ಹಣವಿಲ್ಲದೆ ಇಂಥ ವಿದ್ಯುನ್ಮಾನ ಪಾವತಿ ಬೌನ್ಸ್ ಆದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸಿನಂತೆಯೇ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ನೋಟಿಸು, ಕಾಲಾವಕಾಶ ಎಲ್ಲ ಇದೆ, ಒಂದು ಕಂತು ತಪ್ಪಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೂ ಕೊಡುಗೆಯ ಜಾಹೀರಾತಿನಲ್ಲಿ ಈ ಮಾತು ಎಲ್ಲೂ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿರುವ ಕನ್ನಡಿಗ ಸ್ನೇಹಿತರೊಬ್ಬರು ತಾವು ಎರಡು ಸಲ ಬ್ಯಾಂಕು ಬದಲಿಸಿ ಹಣ ಪಡೆದದ್ದನ್ನು ಹೇಳಿ, ‘ನೀವು ಯಾಕೆ ಹೆದರುತ್ತೀರಿ?’ ಎಂದು ಕೇಳಿದ್ದರು. ಅಲ್ಲಿ ಹೊಸ ಗ್ರಾಹಕರಿಗೆ 100, 150, 200 ಪೌಂಡ್ ಕೊಡುವುದು ಬ್ಯಾಂಕುಗಳ ವಾಡಿಕೆ. ಆದರೆ ಅಲ್ಲಿ 2013ರ ಸೆಪ್ಟೆಂಬರಿನಿಂದ ಖಾತೆ ಬದಲಾವಣೆಗೆಂದೇ ಒಂದು ವ್ಯವಸ್ಥೆ ಇದೆ. ಹೊಸ ಬ್ಯಾಂಕಿಗೆ ಒಂದು ಅರ್ಜಿ ಕೊಟ್ಟರೆ ಸಾಕು, 7 ಕೆಲಸದ ದಿನಗಳಲ್ಲಿ ಬರುವ ಸಂಬಳ, ಹೋಗುವ ಕಂತು, ಉಳಿದ ಹಣ ಎಲ್ಲವೂ ಹೊಸ ಖಾತೆಗೆ ಸಾಗುತ್ತವೆ, ಹಳೆಯದು ಮುಚ್ಚುತ್ತದೆ. ತಪ್ಪಿ ಹಳೆಯ ಖಾತೆಗೆ ಬಂದ ಹಣವನ್ನು ಮುಂದಿನ ವರ್ಷಗಳಲ್ಲೂ ಹೊಸದಕ್ಕೆ ತಿರುಗಿಸುತ್ತಾರೆ. ಬದಲಾವಣೆಯಲ್ಲಿ ಎಡವಟ್ಟಾಗಿ ನಿಮಗೆ ದಂಡ ಬಿದ್ದರೆ ಅದನ್ನು ಬ್ಯಾಂಕು ಭರಿಸುತ್ತದೆ. ನಮ್ಮಲ್ಲಿ ಕೊಡುಗೆ ಬಂದಿದೆ, ಆ ವ್ಯವಸ್ಥೆ ಬಂದಿಲ್ಲ. ಮೊಬೈಲ್ ಕಂಪನಿ ಬದಲಿಸಿದರೂ ನಂಬರು ಉಳಿಸಿಕೊಳ್ಳುವ ಹಕ್ಕು 2011ರ ಜನವರಿಯಲ್ಲಿ ಇಡೀ ದೇಶಕ್ಕೆ ಸಿಕ್ಕಿತು. ಬ್ಯಾಂಕ್ ಖಾತೆಯ ನಂಬರಿಗೂ ಅದು ಸಾಧ್ಯವಾಗಬೇಕು ಎಂದು ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಎಸ್.ಎಸ್. ಮುಂದ್ರಾ 2017ರಲ್ಲೇ ಹೇಳಿದ್ದರು. ಇಂದಿಗೂ ಅದು ಮಾತಾಗಿಯೇ ಉಳಿದಿದೆ.

ಖಾತೆ ಬದಲಾದಾಗಿನ ಪರದಾಟ ಕರ್ನಾಟಕದವರಿಗೆ ಹೊಸದಲ್ಲ. ನಾವಾಗಿ ಬದಲಿಸದೆಯೇ ನಮ್ಮ ಬ್ಯಾಂಕುಗಳು ಬದಲಾದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯದಾದಾಗ ಎಲ್ಲೆಲ್ಲಿ ಅದನ್ನು ಕೊಟ್ಟಿದ್ದೇವೆಂದು ನೆನಪು ಮಾಡಿಕೊಳ್ಳುತ್ತ ಎಷ್ಟು ಮನೆಗಳು ಪರದಾಡಲಿಲ್ಲ! ಅಲ್ಲಿ ಗ್ರಾಹಕರ ಹಿಂದೆ ಎರಡು ಬ್ಯಾಂಕುಗಳ ಇಡೀ ಆಡಳಿತ ನಿಂತಿತ್ತು. ಸಂತೆಯಲ್ಲಿ ಖಾತೆ ಮಾಡಿಸಿದವರ ಹಿಂದೆ ಯಾರೂ ಇಲ್ಲ. ಛತ್ರಿ ಮಡಚಿ ಹೋದ ಹುಡುಗ ಬ್ಯಾಂಕಿನ ಉದ್ಯೋಗಿಯೂ ಅಲ್ಲ, ಏಜೆನ್ಸಿಯ ಕಡೆಯವನು. ಅವನ ಮೇಲೆ ಕೋಪ ಬೇಡ, ದಿನಕ್ಕೆ ಇಂತಿಷ್ಟು ಖಾತೆ ಎಂಬ ಗುರಿ ಅವನ ಹೊಟ್ಟೆಪಾಡು. ಸಿಂಡಿಕೇಟ್ ಬ್ಯಾಂಕಿನಲ್ಲಿ 1928ರಲ್ಲಿ ಶುರುವಾದ ಪಿಗ್ಮಿ ಯೋಜನೆಯ ಏಜೆಂಟರೂ ಮನೆಬಾಗಿಲಿಗೇ ಬರುತ್ತಿದ್ದರು. ಅವರು ಮರುದಿನವೂ ಬರುತ್ತಿದ್ದರು, ವ್ಯತ್ಯಾಸ ಅಷ್ಟೇ.

ಇದಕ್ಕಿಂತ ಕರಾಳವಾದ ಇನ್ನೊಂದು ದಾರಿ ಇದೆ, ಅದರ ಬಗ್ಗೆ ಕಾಲೇಜು ಹುಡುಗರಿರುವ ಪ್ರತಿ ಮನೆಯಲ್ಲೂ ಮಾತಾಗಬೇಕು. ‘ಖಾತೆ ತೆರೆ, ಎಟಿಎಂ ಕಾರ್ಡು, ಪಾಸ್‌ಬುಕ್ಕು, ಸಿಮ್ ನನಗೆ ಕೊಡು, ನಿನಗೆ ಐದು ಸಾವಿರ’ ಎನ್ನುವವರು ಹುಟ್ಟಿಕೊಂಡಿದ್ದಾರೆ. ಮೇಲ್ನೋಟಕ್ಕೆ ಇದೂ ಖಾತೆಗೆ ಸಿಗುವ ಕೊಡುಗೆಯಂತೆಯೇ ಕಾಣುತ್ತದೆ. ಆ ಖಾತೆಗೆ ಬಂದು ಹೋಗುವುದು ಡಿಜಿಟಲ್ ಅರೆಸ್ಟ್, ಷೇರು ಆಮಿಷದಂಥ ವಂಚನೆಯಲ್ಲಿ ಯಾರೋ ಕಳೆದುಕೊಂಡ ಹಣ. ದೇಶದ 700ಕ್ಕೂ ಹೆಚ್ಚು ಶಾಖೆಗಳಲ್ಲಿ ಇಂಥ ಸುಮಾರು 8.5 ಲಕ್ಷ ಬಾಡಿಗೆ ಖಾತೆಗಳಿವೆ ಎಂದು 2025ರ ಜೂನ್‌ನಲ್ಲಿ ಸಿಬಿಐ ಹೇಳಿತು. ಇವುಗಳನ್ನು ಹುಡುಕಲೆಂದೇ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶ ರೂಪಿಸಿದೆ. ದೂರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೋದ ಮೇಲೆ ಪೊಲೀಸರು ಮೊದಲು ಹುಡುಕುವುದು ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು. ಐದು ಸಾವಿರ ಪಡೆದ ಹುಡುಗನ ಖಾತೆ ಸ್ಥಗಿತವಾಗುತ್ತದೆ, ಅವನ ಮೇಲೆ ಎಫ್‌ಐಆರ್ ಆಗುತ್ತದೆ, ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅದು ಅಡ್ಡ ಬರುತ್ತದೆ. ಹಣ ತೆಗೆದುಕೊಂಡು ಹೋದವನ ಹೆಸರು ಅವನಿಗೆ ಗೊತ್ತೇ ಇರುವುದಿಲ್ಲ.

ಹೆಚ್ಚು ಬಡ್ಡಿಯ ಆಸೆಗೆ ಇಡೀ ಠೇವಣಿಯನ್ನೇ ಸಾಗಿಸುವುದರ ಬಗ್ಗೆ ಬೆಂಗಳೂರಿನ ಬಸವನಗುಡಿಯ ಹಿರಿಯರಿಗೆ ನಾನು ಹೇಳಬೇಕಾದ್ದಿಲ್ಲ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಜನ ಹಿಂಪಡೆಯಬಹುದಾಗಿದ್ದದ್ದು 35,000 ರೂಪಾಯಿ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟವರು ಬಾಗಿಲ ಮುಂದೆ ನಿಂತ ಚಿತ್ರಗಳು ಇನ್ನೂ ಕಣ್ಣ ಮುಂದಿವೆ. ಮರುತಿಂಗಳು ಠೇವಣಿ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ ಅಷ್ಟಕ್ಕೇ ರಕ್ಷಣೆ.

ಹಾಗೆಂದು ಬ್ಯಾಂಕು ಬದಲಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಶಾಖೆಯವರು ಮಾತನಾಡಿಸುವುದಿಲ್ಲ, ಆ್ಯಪ್ ಕೆಲಸ ಮಾಡುವುದಿಲ್ಲ, ಮನೆಯ ಹತ್ತಿರ ಇನ್ನೊಂದು ಒಳ್ಳೆಯ ಬ್ಯಾಂಕು ಬಂದಿದೆ, ಮನೆಸಾಲಕ್ಕೆ ಕಡಿಮೆ ಬಡ್ಡಿ ಸಿಗುತ್ತದೆ ಎಂದಾದರೆ ಬದಲಿಸಿ. ಆದರೆ ಆ ಕಾರಣ ಐನೂರು ಇಲ್ಲದಿದ್ದರೂ ನಿಲ್ಲುವಂಥದ್ದಾಗಿರಲಿ. ಬದಲಿಸುವವರು ಮೊದಲು ಹಳೆಯ ಖಾತೆಯ ಒಂದು ಪೂರ್ತಿ ವರ್ಷದ ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ. ಆರು ತಿಂಗಳದ್ದು ಸಾಲದು, ವರ್ಷಕ್ಕೊಮ್ಮೆ ಕಟ್ಟುವ ವಿಮೆಯ ಕಂತು, ಲಾಕರ್ ಬಾಡಿಗೆ ಅದರಲ್ಲಿ ತಪ್ಪಿಹೋಗುತ್ತವೆ. ಪೆನ್ನು ಹಿಡಿದು ಬರುವ ಪ್ರತಿ ಹಣಕ್ಕೂ ಹೋಗುವ ಪ್ರತಿ ಹಣಕ್ಕೂ ಗುರುತು ಹಾಕಿ. ಹೊಸ ಖಾತೆ ತೆರೆದ ಮೇಲೂ ಮೂರು ತಿಂಗಳು ಹಳೆಯದರಲ್ಲಿ ಎರಡು ಕಂತಿನಷ್ಟು ಹಣ ಬಿಟ್ಟಿರಿ. ಆದೇಶಗಳನ್ನು ಒಂದೊಂದಾಗಿ ಬದಲಿಸಿ, ಒಂದು ಸಲ ಹೊಸ ಖಾತೆಯಿಂದ ಕಡಿತವಾದದ್ದು ಕಣ್ಣಾರೆ ಕಂಡ ಮೇಲೆ ಹಳೆಯದನ್ನು ರದ್ದುಮಾಡಿ. ನಾಮಿನಿಯ ಜಾಗ ಖಾಲಿ ಬಿಡಬೇಡಿ. ಆದಾಯ ತೆರಿಗೆ ಬೀಳದ, 60 ದಾಟಿದವರು ಹೊಸ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬಡ್ಡಿಯಲ್ಲಿ ತೆರಿಗೆ ಕಡಿತ ಬೇಡವೆನ್ನುವ ಫಾರಂ ಅಲ್ಲಿ ಮತ್ತೆ ಕೊಡಬೇಕು. ಪಿಂಚಣಿಯ ಖಾತೆ ಬದಲಿಸಲು ಪ್ರತ್ಯೇಕ ಅರ್ಜಿ ಇದೆ, ತಾನಾಗಿ ಬರುವುದಿಲ್ಲ. ಕೊನೆಗೆ ಹಳೆಯದನ್ನು ಬರೆದುಕೊಟ್ಟು ಮುಚ್ಚಿಸಿ. ಮರೆತು ಬಿಟ್ಟರೆ ಎರಡು ವರ್ಷಕ್ಕೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷಕ್ಕೆ ಅದರಲ್ಲಿದ್ದ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಆಮೇಲೂ ಪಡೆಯಬಹುದು, ಓಡಾಟ ಮಾತ್ರ ನಿಮ್ಮದು ಅಥವಾ ನಿಮ್ಮ ಮಕ್ಕಳದು.

ಆಧಾರ್ ಜೋಡಣೆ ಬದಲಿಸುವುದು ಮಾತ್ರ ಉಳಿದೆಲ್ಲ ಆದ ಮೇಲೆ, ಹಳೆಯ ಖಾತೆ ಮುಚ್ಚುವ ಮುನ್ನ. ಯಾವ ಬ್ಯಾಂಕಿಗೆ ಸೇರಿದೆ ಎಂಬುದು ಮೈಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಕಾಣುತ್ತದೆ. ಯಾವ ಯೋಜನೆಯ ಹಣ ಎಲ್ಲಿಗೆ ಹೋಯಿತೆಂದು ‘ಡಿಬಿಟಿ ಕರ್ನಾಟಕ’ ಆ್ಯಪಿನಲ್ಲಿ ನೋಡಬಹುದು. ಜೋಡಣೆ ಹಳೆಯ ಬ್ಯಾಂಕಿಗೇ ಮರಳಬೇಕಿದ್ದರೆ ಆ ಶಾಖೆಗೆ ಹೋಗಿ ಒಪ್ಪಿಗೆ ಪತ್ರ ಕೊಟ್ಟರೆ ಸಾಕು. ಎನ್‌ಪಿಸಿಐ ಜಾಲತಾಣದಲ್ಲೂ ಅದಕ್ಕೆ ಅವಕಾಶ ಇದೆ. ನಾವು ಹಾಗೆಯೇ ಮಾಡಿಸಿದೆವು.

ಇಷ್ಟೆಲ್ಲ ಭಾರವನ್ನು ಚಿಕ್ಕಮ್ಮನಂಥವರ ಮೇಲೆ ಹೊರಿಸಿ ಸುಮ್ಮನಾಗುವುದು ಅನ್ಯಾಯ. ಆಧಾರ್ ಜೋಡಣೆಯ ಒಪ್ಪಿಗೆಯನ್ನು ಖಾತೆ ತೆರೆದ ದಿನವೇ, ಅದೇ ಬೆರಳಚ್ಚಿನಲ್ಲಿ ಪಡೆಯುವುದನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸಬೇಕು. ಒಂದು ವಾರ ಬಿಟ್ಟು, ‘ನಿಮ್ಮ ಸರ್ಕಾರಿ ಹಣ ಇಂಥ ಬ್ಯಾಂಕಿನಿಂದ ನಮ್ಮಲ್ಲಿಗೆ ಬರಲಿದೆ, ಒಪ್ಪಿಗೆಯೇ?’ ಎಂದು ಕನ್ನಡದಲ್ಲಿ ಕೇಳಲಿ. ಕೊಡುಗೆಯ ಷರತ್ತುಗಳನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಕೊಡುವುದು ಬ್ಯಾಂಕಿಗೆ ಕಷ್ಟವೇನಲ್ಲ. ರಾಜ್ಯ ಸರ್ಕಾರ ಗೃಹಲಕ್ಷ್ಮಿ ಹಣ ಬೇರೆ ಬ್ಯಾಂಕಿಗೆ ಹೋದ ತಿಂಗಳು ಆ ಮಹಿಳೆಯ ಮೊಬೈಲಿಗೆ ಒಂದು ಸಂದೇಶ ಕಳಿಸಲಿ, ಇಲ್ಲವೇ ಅಂಗನವಾಡಿಗೆ ಅಂಥವರ ಪಟ್ಟಿ ತಲುಪಿಸಲಿ. ಹಣ ಕಳಿಸುವ ಯಂತ್ರಕ್ಕೆ ಬ್ಯಾಂಕಿನ ಹೆಸರು ಗೊತ್ತಿರುವಾಗ ಹಣ ಪಡೆಯುವವರಿಗೆ ಅದು ಗೊತ್ತಾಗಲು ಎರಡು ತಿಂಗಳು, ಎರಡು ಕಚೇರಿ ಬೇಕಾಗಬಾರದು.

ನಮ್ಮೂರ ಸಂತೆ ಮಂಗಳವಾರ. ಮೊನ್ನೆ ಸೊಪ್ಪು ತರಲು ಹೋದ ಚಿಕ್ಕಮ್ಮ ಬಂದು ಫೋನ್ ಮಾಡಿದ್ದರು. ಛತ್ರಿ ಮತ್ತೆ ನಿಂತಿದೆಯಂತೆ. ಈ ಸಲ ಬ್ಯಾಂಕು ಬೇರೆ, ಕೊಡುಗೆ ಏಳುನೂರು.